ಟೇಬಲ್‌ನಲ್ಲಿ ಕಾಣೆಯಾದ ಚುಕ್ಕೆ: ಅಣುಶಕ್ತಿ ಸಮಿತಿ ದಾಖಲೆ ಸ್ಕ್ಯಾನ್ ಮಾಡಿದ ನನ್ನ ಅನುಭವ

ಅಮೆರಿಕದ ಸಂಸತ್ತಿನಲ್ಲಿ ಅಣುಶಕ್ತಿ ಜಂಟಿ ಸಮಿತಿ ಅಂತ ಒಂದಿತ್ತು, 1946ರ ಕಾಯ್ದೆಯಿಂದ ಹುಟ್ಟಿದ್ದು, 9 ಜನ ಸೆನೆಟರ್‌ಗಳು, 9 ಜನ ಕೆಳಮನೆಯವರು. ಅಣುಬಾಂಬ್, ಅಣುಶಕ್ತಿ ಕೆಲಸ ನೋಡ್ಕೊಳ್ತಿದ್ದ ಸರ್ಕಾರಿ ಸಂಸ್ಥೆ ಅಣುಶಕ್ತಿ ಆಯೋಗ ಏನೇ ಮಾಡಿದ್ರೂ ಆಗಿಂದಾಗ್ಗೆ ಇವರಿಗೆ ಪೂರ್ತಿ ತಿಳಿಸ್ಲೇಬೇಕು ಅಂತ ಕಾನೂನಲ್ಲೇ ಬರೆದಿತ್ತು. 1977ರಲ್ಲಿ ಸಮಿತಿ ರದ್ದಾಯ್ತು, ಅದು ನಡೆಸಿದ ವಿಚಾರಣೆಗಳ ಅಚ್ಚಾದ ಸಂಪುಟಗಳು ಮಾತ್ರ ಲೈಬ್ರರಿಗಳಲ್ಲಿ ವೈ 4.ಎಟಿ 7/2 ಅನ್ನೋ ನಂಬರ್ ಕೆಳಗೆ ಕೂತಿವೆ. ನಾನು ಸ್ಕ್ಯಾನ್ ಮಾಡಿದ್ದು ಇವನ್ನೇ. ಸರ್ಕಾರಿ ಪ್ರಕಟಣೆ ಆದ್ರಿಂದ ಕಾಪಿರೈಟ್ ತಲೆನೋವು ಇರ್ಲಿಲ್ಲ.

ಕಾಗದ ಕಂದು ತಿರುಗಿ, ಪುಟ ತಿರುವಿದ್ರೆ ಅಂಚು ಪುಡಿಪುಡಿ ಆಗಿ ಉದುರೋದು. ಗಾಜಿನ ಮೇಲೆ ಬೋರಲು ಹಾಕಿ ಒತ್ತೋ ಹಾಗೇ ಇಲ್ಲ, ವಿ ಆಕಾರದ ತೊಟ್ಟಿಲಲ್ಲಿಟ್ಟು ಮೇಲಿಂದ ಕ್ಯಾಮೆರಾ, ಇಂಚಿಗೆ 400 ಚುಕ್ಕೆ (ಪಿಪಿಐ), ಚಿತ್ರದ ಗುಣಮಟ್ಟ ಕೆಡದ ಟಿಫ್ ಫೈಲ್. ಮಡಿಸಿಟ್ಟ ಮ್ಯಾಪ್‌ಗಳನ್ನ ಬೇರೆಯಾಗಿ ತೆಗೆದೆ.

ನಿಜವಾದ ಪೆಟ್ಟು ಬಿದ್ದಿದ್ದು 1957ರ ವಿಚಾರಣೆಯಲ್ಲಿ. ಬಾಂಬ್ ಪರೀಕ್ಷೆಯಿಂದ ಉದುರೋ ವಿಕಿರಣ ಧೂಳಿನ ಬಗ್ಗೆ ವಿಜ್ಞಾನಿಗಳು ಬಂದು ಹೇಳಿಕೆ ಕೊಟ್ಟಿದ್ದು ಅದು, ಹಾಲಿನಲ್ಲಿ, ಮೂಳೆಯಲ್ಲಿ ಸ್ಟ್ರಾನ್ಷಿಯಂ-90 ಅನ್ನೋ ವಿಕಿರಣ ವಸ್ತು ಎಷ್ಟು ಸೇರ್ತಿದೆ ಅಂತ ಅವತ್ತು ಎಲ್ರಿಗೂ ಭಯ, ಮೂಳೆಯಲ್ಲಿ ಕ್ಯಾಲ್ಸಿಯಂ ಜಾಗಕ್ಕೇ ಹೋಗಿ ಕೂರುತ್ತೆ ಅದು, ಅರ್ಧಾಯುಷ್ಯ, ಅಂದ್ರೆ ಅರ್ಧದಷ್ಟು ಕರಗೋಕೆ ಬೇಕಾದ ಕಾಲ, ಹತ್ತತ್ರ 29 ವರ್ಷ. ನಾನು ಪುಟ ಕ್ಲೀನಾಗಿ ಕಾಣ್ಲಿ ಅಂತ ಕಲೆ ತೆಗೆಯೋ ಫಿಲ್ಟರ್ ಹಾಕ್ಬಿಟ್ಟಿದ್ದೆ. ಒಂದು ಟೇಬಲ್‌ನಲ್ಲಿ 0.5 ಇರ್ಬೇಕಾದ ಕಡೆ 05 ಅಂತ ಬಂದಿತ್ತು, ಅದರ ಕೆಳಗೆ 1.2 ಹೋಗಿ 12! ಫಿಲ್ಟರ್‌ಗೆ ದಶಮಾಂಶದ ಚುಕ್ಕೆಯೂ ಒಂದೇ, ಧೂಳಿನ ಚುಕ್ಕೆಯೂ ಒಂದೇ. ಒಂದು ಮಗುವಿನ ಮೂಳೆಯಲ್ಲಿದ್ದ ವಿಷ ಹತ್ತು ಪಟ್ಟು ಆಗಿಹೋಗಿದೆಯಲ್ಲ ಅಂತ ನೋಡಿ ಕೈಕಾಲು ತಣ್ಣಗಾಯ್ತು. ಮೂಲ ಟಿಫ್ ಮುಟ್ಟದೆ ಇಟ್ಟಿದ್ದಕ್ಕೆ ಬದುಕ್ದೆ, ಎಲ್ಲಾ ಸಂಪುಟಗಳಿಗೂ ಫಿಲ್ಟರ್ ಇಲ್ದೆ ಮತ್ತೆ ಓಸಿಆರ್ (ಚಿತ್ರದಲ್ಲಿರೋ ಅಕ್ಷರ ಓದಿ ಪಠ್ಯ ಮಾಡೋ ಸಾಫ್ಟ್‌ವೇರ್) ಓಡಿಸ್ದೆ. ಆಮೇಲೂ ಮೇಲೆ ಸಣ್ಣದಾಗಿ ಬರೆದ ಆರು ಕೆಳಗಿಳಿದು ಹತ್ತರ ಆರನೇ ಘಾತ 106 ಅಂತಾನೇ ಬರ್ತಿತ್ತು, ಅದನ್ನ ಕೈಯಲ್ಲೇ ತಿದ್ದಿದ್ದು.

ಇನ್ನೊಂದು, ಗುಟ್ಟಿನ ಸಭೆಗಳ ಸಂಪುಟದಲ್ಲಿ ಸಾಕ್ಷಿಯ ಮಾತಿನ ಮಧ್ಯೆ ಚೌಕ ಕಂಸದೊಳಗೆ ಡಿಲೀಟೆಡ್ ಅಂತಿರುತ್ತೆ, ರಹಸ್ಯ ಅಂತ ತೆಗೆದ ಜಾಗ. ಪಠ್ಯ ಶುಚಿ ಮಾಡೋಕೆ ನಾನು ಬರೆದ ಸಣ್ಣ ಪ್ರೋಗ್ರಾಂ ಕಂಸಗಳನ್ನೆಲ್ಲ ಕಸ ಅಂತ ಎತ್ತಿ ಹಾಕಿ ಎರಡು ತುದಿ ಕೂಡಿಸ್ಬಿಟ್ಟಿತ್ತು, ಓದಿದ್ರೆ ಆ ಮನುಷ್ಯ ನಿಲ್ಲಿಸದೆ ಹೇಳಿದ ಹಾಗೇ ಇತ್ತು. ಅವನ್ನ ಒಂದೊಂದಾಗಿ ವಾಪಸ್ ಹಾಕ್ದೆ, ಈಗ ಆ ಪದ ಕೊಟ್ಟು ಹುಡುಕಿದ್ರೆ ಯಾವ ವಿಚಾರಣೆಯಲ್ಲಿ ಎಷ್ಟು ಕಡೆ ಕತ್ತರಿ ಬಿದ್ದಿದೆ ಅಂತ ಎಣಿಸ್ಬಹುದು.

ಟೇಬಲ್ ಇರೋ ಪುಟಗಳನ್ನ ಈಗ ಇಬ್ರು ಕೂತು ನೋಡ್ತೀವಿ, ಒಬ್ರು ಪುಸ್ತಕ ನೋಡಿ ಸಂಖ್ಯೆ ಜೋರಾಗಿ ಓದ್ತಾರೆ, "ಸೊನ್ನೆ ಪಾಯಿಂಟ್ ಐದು", ಇನ್ನೊಬ್ರು ಸ್ಕ್ರೀನ್ ಮೇಲೆ ಬೆರಳಿಟ್ಟು ಹೂಂ ಅಂತಾರೆ.