ವೇಲೆನ್ಸ್ ಎಲೆಕ್ಟ್ರಾನ್: ನಾನು ಮೊದಲು ನೋಡುವುದು ಗುಂಪನ್ನು

ಅಯೋಡಿನ್‌ನ ಪರಮಾಣು ಸಂಖ್ಯೆ 53. ಅದರ ವೇಲೆನ್ಸ್ ಎಲೆಕ್ಟ್ರಾನ್, ಅಂದರೆ ಬಂಧ ಕಟ್ಟಲು ಒದಗುವ ಹೊರಗಿನ ಎಲೆಕ್ಟ್ರಾನ್, ಎಷ್ಟು ಅಂತ ಗೊತ್ತಾಗಬೇಕಾದರೆ ಆ 53 ಎಲೆಕ್ಟ್ರಾನ್‌ಗಳನ್ನೂ ಕವಚಗಳಿಗೆ ಹಂಚುತ್ತಾ ಕೂರುವುದಿಲ್ಲ ನಾನು. ಆವರ್ತಕ ಕೋಷ್ಟಕದಲ್ಲಿ ಅದು ಯಾವ ಗುಂಪಿನಲ್ಲಿ, ಅಂದರೆ ಯಾವ ಕಂಬಸಾಲಿನಲ್ಲಿ, ಇದೆ ಅಂತ ನೋಡುತ್ತೇನೆ. 17ನೇ ಗುಂಪು. ಹತ್ತು ಕಳೆದರೆ 7. ಹಂಚಿ ನೋಡಿದರೂ 2, 8, 18, 18, 7 ಅಂತಲೇ ಬರುತ್ತದೆ.

1 ಮತ್ತು 2ನೇ ಗುಂಪಿಗೆ ಕಳೆಯುವುದೂ ಬೇಡ. ಸೋಡಿಯಂಗೆ 1, ಕ್ಯಾಲ್ಸಿಯಂಗೆ 2. 13ರಿಂದ 18ರವರೆಗೆ ಮಾತ್ರ ಹತ್ತು ಕಳೆಯುತ್ತೇನೆ.

ಹತ್ತೇ ಯಾಕೆ? ಇದು ತಿಳಿದ ಮೇಲೆ ನನಗೆ ಈ ಲೆಕ್ಕ ಮರೆತೇ ಹೋಗಿಲ್ಲ. 3ರಿಂದ 12ರವರೆಗಿನ ಹತ್ತು ಗುಂಪುಗಳಲ್ಲಿ ಡಿ ಕಕ್ಷಕ (ಕವಚದೊಳಗಿನ ಒಂದು ಉಪಕವಚ) ತುಂಬುತ್ತಾ ಹೋಗುತ್ತದೆ. ಅದು ಹಿಡಿಯುವುದು 10 ಎಲೆಕ್ಟ್ರಾನ್. ಗ್ಯಾಲಿಯಂ ಬರುವಷ್ಟರಲ್ಲಿ ಅದು ಪೂರ್ತಿ ತುಂಬಿ ಒಳಗೆ ಸೇರಿಕೊಂಡಿರುತ್ತದೆ, ಬಂಧ ಕಟ್ಟಲು ಬರುವುದಿಲ್ಲ. ಹಾಗಾಗಿ 13ನೇ ಗುಂಪಿನ ಗ್ಯಾಲಿಯಂಗೆ ಉಳಿಯುವುದು 3. ಮೇಲಿನ ಸಾಲುಗಳಲ್ಲಿ ಡಿ ಕಕ್ಷಕದ ಮಾತೇ ಇಲ್ಲ. ಆದರೂ ಮೆಗ್ನೀಸಿಯಂ ಆದ ಮೇಲೆ ಖಾಲಿ ಜಾಗ ದಾಟಿ ಅಲ್ಯೂಮಿನಿಯಂ 13ನೇ ಗುಂಪಿಗೆ ಹೋಗಿ ಕೂರುತ್ತದೆ, ಅಲ್ವಾ? ಅಲ್ಲಿ ನಾವು ಕಳೆಯುವುದು ಆ ಖಾಲಿ ಜಾಗವನ್ನೇ.

ಹೀಲಿಯಂ ಒಂದನ್ನು ನೆನಪಿಡಿ. ಇರುವುದು 18ನೇ ಗುಂಪಿನಲ್ಲಾದರೂ ಅದರ ಬಳಿ ಇರುವುದೇ 2 ಎಲೆಕ್ಟ್ರಾನ್.

ಮಧ್ಯದ ಈ ಹತ್ತು ಗುಂಪುಗಳ ಸಂಕ್ರಮಣ ಧಾತುಗಳಿಗೆ ಈ ದಾರಿ ನೇರವಾಗಿ ಹೊಂದುವುದಿಲ್ಲ. ಕಬ್ಬಿಣದ ಹೊರಕವಚದಲ್ಲಿ 2 ಎಲೆಕ್ಟ್ರಾನ್, ಅದರ ಒಳಗಿನ ಡಿ ಕಕ್ಷಕದಲ್ಲಿ 6. ಎರಡೂ ಸೇರಿಸಿ 8 ಅನ್ನಬಹುದು, ಗುಂಪೂ 8. ಆದರೆ ಕಬ್ಬಿಣ ಸಾಮಾನ್ಯವಾಗಿ ಬಿಟ್ಟುಕೊಡುವುದು 2 ಅಥವಾ 3. ಪರ್ಮಾಂಗನೇಟ್‌ನಲ್ಲಿ ಮ್ಯಾಂಗನೀಸ್ ತನ್ನ ಏಳನ್ನೂ ಬಂಧಕ್ಕೆ ತೊಡಗಿಸುತ್ತದೆ. 12ನೇ ಗುಂಪಿನ ಸತುವಿನ ಡಿ ಕಕ್ಷಕ ತುಂಬಿರುವುದರಿಂದ ಅದು ಕೊಡುವುದು ಎರಡೇ. ಇಲ್ಲಿ ನಾನು ಗುಂಪಿನ ಸಂಖ್ಯೆಗಿಂತ ಆ ಧಾತು ಯಾವ ಸಂಯುಕ್ತದಲ್ಲಿದೆ ಅನ್ನುವುದನ್ನೇ ಜಾಸ್ತಿ ನಂಬುತ್ತೇನೆ.

ಕೋಷ್ಟಕ ಹೇಳುವುದು ವಿದ್ಯುದಾವೇಶವಿಲ್ಲದ ಪರಮಾಣುವಿನ ಲೆಕ್ಕ. ಆವೇಶವಿರುವ ಅಯಾನು ಬಂದರೆ ಆ ಆವೇಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಲೆಕ್ಟ್ರಾನ್‌ಗಳನ್ನು ಚುಕ್ಕೆಗಳಾಗಿ ತೋರಿಸುವ ಲೂಯಿಸ್ ರಚನೆ ಬರೆಯುವಾಗ ಇದನ್ನು ಮೊದಲೇ ಮಾಡಿಕೊಳ್ಳುತ್ತೇನೆ. ಸಲ್ಫೇಟ್ ಅಯಾನಿನಲ್ಲಿ ಗಂಧಕದ್ದು 6, ನಾಲ್ಕು ಆಕ್ಸಿಜನ್‌ಗಳದ್ದು 24, ಎರಡು ಋಣ ಆವೇಶಕ್ಕೆ ಇನ್ನೆರಡು. ಒಟ್ಟು 32. ಚುಕ್ಕೆ ಇಡಲು ಶುರು ಮಾಡುವುದು ಆಮೇಲೆ.