ತೂಕ ಇಳಿಸುವ ಕೆಲಸವನ್ನು ದಿನಸಿ ಚೀಟಿಯಿಂದ ಆರಂಭಿಸುವ ಬಗೆ

ತೂಕ ಇಳಿಸಬೇಕೆಂದು ಹೊರಟವರು ಓಟ್ಸ್, ಆಲಿವ್ ಎಣ್ಣೆ, ಪ್ರೋಟೀನ್ ಪುಡಿಗಳ ಬೆಲೆ ವಿಚಾರಿಸಿ, ಇದು ನಮ್ಮ ಸಂಬಳಕ್ಕೆ ಒಗ್ಗುವುದಿಲ್ಲವೆಂದು ಕೈಬಿಡುವುದುಂಟು. ಹೊಸದೇನನ್ನೂ ಕೊಳ್ಳುವ ಮೊದಲು ಮನೆಯ ಎಣ್ಣೆಯ ಲೆಕ್ಕ ನೋಡಿಕೊಳ್ಳಿ. ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಹಿಡಿಯುತ್ತಿದ್ದರೆ ತಲೆಗೆ ದಿನಕ್ಕೆ ಸುಮಾರು 30 ಗ್ರಾಂ ಬೀಳುತ್ತದೆ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ ಇರುವುದರಿಂದ, ಅದನ್ನು 2 ಲೀಟರಿಗೆ ತಂದರೆ ಪ್ರತಿಯೊಬ್ಬರಿಗೂ ದಿನಕ್ಕೆ 130ಕ್ಕಿಂತ ಹೆಚ್ಚು ಕ್ಯಾಲೊರಿ ತಗ್ಗುತ್ತದೆ, ಎರಡು ಲೀಟರಿನ ದುಡ್ಡೂ ಉಳಿಯುತ್ತದೆ. ಪ್ಯಾಕೆಟ್ಟಿನಿಂದ ನೇರವಾಗಿ ಬಾಣಲೆಗೆ ಸುರಿಯುವ ಅಭ್ಯಾಸವನ್ನು ಬಿಟ್ಟು ಚಮಚದಲ್ಲಿ ಅಳೆಯದಿದ್ದರೆ ಈ ಲೆಕ್ಕ ಎಂದೂ ಕೂಡಿಬರುವುದಿಲ್ಲ.

ಉಳಿದ ದುಡ್ಡಿಗೆ ಹುರುಳಿಕಾಳು ತನ್ನಿ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ನಾರೂ ಧಾರಾಳವಾಗಿರುವುದರಿಂದ ಬೇಗನೆ ಹಸಿವಾಗುವುದಿಲ್ಲ. ನಾಲ್ವರಿಗೆ 200 ಗ್ರಾಂ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಕಾಣುತ್ತದೆ. ಕಾಳು ಮುಕ್ಕಾಲು ಬೆಂದ ಮೇಲೆ ದಂಟು ಅಥವಾ ಹರಿವೆ ಸೊಪ್ಪನ್ನು ಸೇರಿಸಿ ಬೇಯಿಸಿ, ಕಟ್ಟನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳಬೇಕು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಹುಣಸೆಹಣ್ಣಿನೊಂದಿಗೆ ಒಂದು ಹಿಡಿ ಬೆಂದ ಕಾಳನ್ನೂ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಬಸ್ಸಾರು ತಾನಾಗಿ ಮಂದವಾಗುತ್ತದೆ, ತೆಂಗಿನಕಾಯಿ ಹೆಚ್ಚು ಬೇಕಾಗುವುದಿಲ್ಲ. ಉಳಿದ ಸೊಪ್ಪು-ಕಾಳಿಗೆ ಎರಡು ಟೀ ಚಮಚ ಎಣ್ಣೆಯ ಒಗ್ಗರಣೆ ಸಾಕು. ಒಂದೇ ಒಲೆ, ಒಂದೇ ಬೇಯಿಸುವಿಕೆಯಲ್ಲಿ ಸಾರೂ ಪಲ್ಯವೂ ಆದಂತಾಯಿತು.

ಮುದ್ದೆ ತಿಂದರೆ ತೂಕ ಇಳಿಯುತ್ತದೆಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ರಾಗಿಯಲ್ಲಿ ಸುಣ್ಣದಂಶವೂ ನಾರೂ ಅಕ್ಕಿಗಿಂತ ಬಹಳ ಹೆಚ್ಚಿರುವುದು ನಿಜವಾದರೂ, ತೂಕಕ್ಕೆ ತೂಕ ಇಟ್ಟು ನೋಡಿದರೆ ಕ್ಯಾಲೊರಿಯಲ್ಲಿ ದೊಡ್ಡ ಅಂತರವಿಲ್ಲ. ಆದುದರಿಂದ ಎರಡು ಮುದ್ದೆಯ ಮೇಲೆ ಅನ್ನವನ್ನೂ ಹಾಕಿಕೊಳ್ಳುವವರಿಗೆ ಲಾಭವೇನೂ ಇಲ್ಲ. ಮಧ್ಯಮ ಗಾತ್ರದ ಒಂದು ಮುದ್ದೆ, ತಟ್ಟೆಯ ಅರ್ಧದಷ್ಟು ಸೊಪ್ಪು-ಕಾಳು, ಕೊನೆಗೆ ನೀರು ಮಜ್ಜಿಗೆ ಎಂಬ ಅಳತೆ ಸರಿಹೋಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಸೊಪ್ಪನ್ನು ಸಂಜೆ ಸಂತೆ ಮುಗಿಯುವ ಹೊತ್ತಿಗೆ ಕೊಂಡರೆ ಅಗ್ಗ. ಬಾಡಿದ್ದರೂ ಚಿಂತೆಯಿಲ್ಲ, ಕೊಳೆತಿರಬಾರದಷ್ಟೆ. ಬೇರನ್ನು ಕತ್ತರಿಸದೆ ರಾತ್ರಿಯೆಲ್ಲ ನೀರಿನಲ್ಲಿ ನಿಲ್ಲಿಸಿಟ್ಟ ದಂಟಿನ ಕಟ್ಟು ಬೆಳಿಗ್ಗೆ ಮತ್ತೆ ತಲೆಯೆತ್ತಿರುತ್ತದೆ.