ನೀರು ಬಿಡುವವರು ಯಾರು?

ಮಂಡ್ಯದ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಯುದ್ಧಕವಿತೆಗಳನ್ನು ಹೋಲಿಸುವ ಪಾಠ ಬಂದಾಗಲೆಲ್ಲ ಬೋರ್ಡಿನ ನಡುವೆ ಗೆರೆ ಎಳೆದು, ಎಡಕ್ಕೆ ರೂಪರ್ಟ್ ಬ್ರೂಕ್, ಬಲಕ್ಕೆ ವಿಲ್ಫ್ರೆಡ್ ಓವನ್ ಎಂದು ಬರೆಯುತ್ತಿದ್ದೆ. ಇಬ್ಬರೂ ಮೊದಲ ಮಹಾಯುದ್ಧದ ಇಂಗ್ಲಿಷ್ ಕವಿಗಳು. ಎಡಕ್ಕೆ ದೇಶಭಕ್ತಿ, ಬಲಕ್ಕೆ ಯುದ್ಧವಿರೋಧ. ಅರವತ್ತು ಉತ್ತರಪತ್ರಿಕೆಗಳಲ್ಲೂ ಅವೇ ಎರಡು ಪದ. ತಿದ್ದಿ ತಿದ್ದಿ ನನಗೇ ಬೇಸರ ಬಂದಿತ್ತು.

ಓವನ್ 1917ರಲ್ಲಿ ಬರೆದ 'ಆಂಥೆಮ್ ಫಾರ್ ಡೂಮ್ಡ್ ಯೂತ್' ಎಂಬ ಹದಿನಾಲ್ಕು ಸಾಲಿನ ಸಾನೆಟ್ಟಿನ ಕೊನೆಗೆ ಮುಸ್ಸಂಜೆ ಹೊತ್ತು ಕಿಟಕಿಯ ಪರದೆಗಳು ಇಳಿಯುತ್ತವೆ. ಅದರಲ್ಲೇನಿದೆ ಎಂಬಂತೆ ಹುಡುಗರು ನೋಡಿದರು. ಸಾವಾದ ಮನೆಯಲ್ಲಿ ಪರದೆ ಇಳಿಸುವುದು ಆಗಿನ ಇಂಗ್ಲೆಂಡಿನ ಪದ್ಧತಿ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ನಮ್ಮೂರಲ್ಲಾದರೆ ತಮಟೆ ಬಡಿಯುತ್ತಾರೆ ಸರ್. ಅಲ್ಲಿ ಏನು ಬಡಿಯುತ್ತಾರೆ?" ಎಂದಳು.

ಕವಿತೆ ಶುರುವಾಗುವುದೇ ಆ ಪ್ರಶ್ನೆಯಿಂದ. ದನಗಳಂತೆ ಸಾಯುವವರಿಗೆ ಯಾವ ಗಂಟೆ ಬಾರಿಸುತ್ತಾರೆ? ಗಂಟೆಯ ಬದಲು ಬಂದೂಕಿನ ಪಟಪಟ, ಮೇಳದ ಬದಲು ಶೆಲ್ಲುಗಳ ಊಳು, ಮೇಣದಬತ್ತಿಯ ಬದಲು ಹುಡುಗರ ಕಣ್ಣಿನ ಮಿನುಗು. ನಡೆಯದೇ ಹೋದ ಶವಸಂಸ್ಕಾರದ ಪಟ್ಟಿ ಅದು. ಇಷ್ಟು ವರ್ಷ ಪಾಠ ಮಾಡಿಯೂ ನಾನು ಹಾಗೆ ಓದಿರಲಿಲ್ಲ. ಓವನ್ ಸತ್ತದ್ದು 1918ರ ನವೆಂಬರ್ 4ರಂದು, 25ನೆಯ ವಯಸ್ಸಿಗೆ. ಸಾವಿನ ಸುದ್ದಿಯ ತಂತಿ ತಾಯಿಯ ಕೈ ಸೇರಿದ್ದು 11ರಂದು, ಯುದ್ಧ ನಿಂತಿತೆಂದು ಊರಿನ ಗಂಟೆಗಳು ಮೊಳಗುತ್ತಿದ್ದಾಗ.

ಈಗ ಬೋರ್ಡಿನ ಮೇಲೆ ಗೆರೆ ಎಳೆಯುವುದಿಲ್ಲ. ಸತ್ತ ಹುಡುಗನ ಕಾರ್ಯ ಮಾಡುವವರು ಯಾರು ಎಂದು ಮಾತ್ರ ಕೇಳುತ್ತೇನೆ. 1914ರ ಬ್ರೂಕ್‌ನ 'ದಿ ಸೋಲ್ಜರ್'ನಲ್ಲಿ ಸಾಯಲಿರುವವನೇ ಅದನ್ನೂ ಮುಗಿಸಿಬಿಡುತ್ತಾನೆ: ತನ್ನನ್ನು ಹೂತ ಪರನಾಡಿನ ಮೂಲೆ ಎಂದೆಂದಿಗೂ ಇಂಗ್ಲೆಂಡ್ ಎನ್ನುತ್ತಾನೆ. ಚೆಂದದ ಪದ್ಯವೇ. ಆದರೆ ಅಳುವವರಿಗೆ ಅಲ್ಲಿ ಜಾಗವಿಲ್ಲ.

ಮೂರನೆಯದಾಗಿ ರನ್ನನನ್ನು ತಂದೆ. ಇಂಗ್ಲಿಷ್ ತರಗತಿಯಲ್ಲಿ 'ಗದಾಯುದ್ಧ'ವೇ ಎಂದು ಸಹೋದ್ಯೋಗಿಯೊಬ್ಬರು ನಕ್ಕರು, ನಗಲಿ. ರಣರಂಗದಲ್ಲಿ ನಡೆಯುವ ದುರ್ಯೋಧನ ಶತ್ರುವಿನ ಮಗ ಅಭಿಮನ್ಯುವಿನ ಹೆಣವನ್ನು ಕಾಣುತ್ತಾನೆ. ಅವನ ಸಾಹಸದಲ್ಲಿ ಒಂದು ಪಾಲಾದರೂ ಇರುವ ಸಾವು ತನಗೆ ಬರಲಿ ಎನ್ನುತ್ತಾನೆ. ಆಮೇಲೆ ಕಾಣುವುದು ಸ್ವಂತ ಮಗ ಲಕ್ಷಣಕುಮಾರನ ಹೆಣ. ಮಹಾಭಾರತದ ಕಥೆಯಲ್ಲಿ ಅವನನ್ನು ಕೊಂದವನು ಅದೇ ಅಭಿಮನ್ಯು. ಸತ್ತ ತಂದೆಗೆ ಮಗ ಜಲಾಂಜಲಿ ಕೊಡಬೇಕು, ನೀರು ಬಿಡಬೇಕು. ನಾನೇ ನಿನಗೆ ಕೊಡುವಂತಾಯಿತಲ್ಲ, ಈ 'ಕ್ರಮವಿಪರ್ಯಯ', ಕ್ರಮವನ್ನೇ ತಲೆಕೆಳಗು, ಮಾಡಬಹುದೇ ಎಂದು ಮಗನನ್ನೇ ಕೇಳುತ್ತಾನೆ. ಆ ಒಂದು ಪದದ ಮೇಲೆ ಅರ್ಧ ಗಂಟೆ ಕಳೆಯಿತು. ಮಗನ ಮೇಲೆ ತಪ್ಪು ಹೊರಿಸುತ್ತಾನಲ್ಲ, ಯುದ್ಧ ತಂದವನು ತಾನೇ ಅಲ್ಲವೇ ಎಂದು ಒಬ್ಬ ರೇಗಿದ. ದುಃಖದಲ್ಲಿ ಹಾಗೆಯೇ ಬಯ್ಯುತ್ತಾರೆ ಎಂದು ಇನ್ನೊಬ್ಬ.

ಆಂತರಿಕ ಪರೀಕ್ಷೆಗೆ ಹಳೆಯ ಪ್ರಶ್ನೆಯನ್ನೇ ಕೊಟ್ಟೆ. ತಮಟೆಯ ಹುಡುಗಿ ದೇಶಭಕ್ತಿ, ಯುದ್ಧವಿರೋಧಗಳನ್ನು ಎರಡು ಸಾಲಿನಲ್ಲಿ ಮುಗಿಸಿ, ಒಂದೂವರೆ ಪುಟ ನೀರಿನ ಬಗ್ಗೆ ಬರೆದಿದ್ದಳು. ಓವನ್‌ನ ಇಸವಿ ತಪ್ಪಿತ್ತು. ಒಂದು ಅಂಕ ಕಳೆದೆ.